ಒಮ್ಮೆ ಮಾತ್ರ ಹೊಸೆದ ಹಗ್ಗ

ಕುದುರೆಯನ್ನು ಕೊಳ್ಳಲು ಬಂದವನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಮುಂದಿನ ಹಲ್ಲುಗಳ ಮೇಲಿನ ಕುಳಿ ಸವೆದು ಮಾಯವಾಗಿದೆಯೇ, ಹಲ್ಲು ನೇರವಾಗಿ ನಿಂತಿದೆಯೇ, ಮುಂದಕ್ಕೆ ಚಾಚಿದೆಯೇ ಎಂಬುದರಿಂದ ವಯಸ್ಸನ್ನು ಊಹಿಸುವ ಈ ವಿದ್ಯೆ ಬಹು ಹಳೆಯದು. ಪಳಗಿದ ಗಿರಾಕಿ ಅಷ್ಟಕ್ಕೇ ತೃಪ್ತನಾಗುವುದಿಲ್ಲ. ಅವನು ಬಾಯಿಯನ್ನು ಬಿಟ್ಟು ಕೆಳಗೆ ಕುಕ್ಕರಿಸಿ, ಮುಂಗಾಲಿನ ಮಂಡಿಯಿಂದ ಗಿಣ್ಣಿನವರೆಗೆ ಹಿಂಬದಿಯಲ್ಲಿ ಎರಡು ಬೆರಳುಗಳನ್ನು ಮೆಲ್ಲನೆ ಇಳಿಸುತ್ತಾನೆ. ಅಲ್ಲಿ ವೀಣೆಯ ತಂತಿಯಂತೆ ಬಿಗಿದು ನಿಂತಿರುವ ರಜ್ಜುಗಳಲ್ಲಿ ಎಲ್ಲಿಯಾದರೂ ಬಿಸುಪು, ಬಾವು, ಗಂಟು ಸಿಕ್ಕೀತೇ ಎಂದು ಹುಡುಕುತ್ತಾನೆ. ಸಿಕ್ಕಿತೆಂದರೆ ಹಲ್ಲು ಎಷ್ಟೇ ಎಳೆಯದಾಗಿರಲಿ, ವ್ಯಾಪಾರ ಮುರಿದುಬಿತ್ತೆಂದೇ ಅರ್ಥ.

ಹೀಗೇಕೆಂದು ತಿಳಿಯಬೇಕಾದರೆ ಕುದುರೆಯ ಕಾಲಿನ ವಿಚಿತ್ರ ರಚನೆಯನ್ನು ಸ್ವಲ್ಪ ಗಮನಿಸಬೇಕು. ನಾವು ಮುಂಗಾಲಿನ ಮಂಡಿ ಎಂದು ಕರೆಯುವುದು ವಾಸ್ತವವಾಗಿ ಅದರ ಮಣಿಕಟ್ಟು. ಅದರ ಕೆಳಗಿರುವುದೆಲ್ಲ ಒಂದೇ ಒಂದು ಬೆರಳು; ಗೊರಸೆಂಬುದು ಆ ಬೆರಳಿನ ಉಗುರು. ಐನೂರು ಕಿಲೋಗ್ರಾಮ್ ತೂಕದ ಪ್ರಾಣಿಯೊಂದು ನಾಲ್ಕು ಬೆರಳುಗಳ ಉಗುರಿನ ಮೇಲೆ ಬದುಕನ್ನೆಲ್ಲ ಕಳೆಯುತ್ತದೆ! ಇನ್ನೂ ಸೋಜಿಗವೆಂದರೆ, ಮಂಡಿಯ ಕೆಳಗೆ ಮಾಂಸಖಂಡವೆಂಬುದು ಇಲ್ಲವೆಂದೇ ಹೇಳಬೇಕು. ಎಲುಬು, ಚರ್ಮ, ಅವೆರಡರ ನಡುವೆ ಹಗ್ಗಗಳು, ಅಷ್ಟೇ. ಕೆಲವು ಹಗ್ಗಗಳು ಮೇಲಿನ ಮಾಂಸಖಂಡದಿಂದ ಇಳಿದು ಬಂದು ಬೆರಳಿನ ಎಲುಬನ್ನು ಎಳೆಯುವಂಥವು, ಇವು ಸ್ನಾಯುರಜ್ಜುಗಳು. ಎಲುಬಿನಿಂದ ಎಲುಬಿಗೆ ಕಟ್ಟಿದಂಥವು ಅಸ್ಥಿರಜ್ಜುಗಳು. ಸಾಮಾನ್ಯ ಮಾತಿನಲ್ಲಿ ಎರಡನ್ನೂ 'ನರ' ಎಂದುಬಿಡುವುದು ವಾಡಿಕೆ. ಆದರೆ ನೋವನ್ನು ಒಯ್ಯುವ ನರ ಬೇರೆ, ಭಾರವನ್ನು ಹೊರುವ ಈ ರಜ್ಜುಗಳು ಬೇರೆ.

ಅಸ್ಥಿರಜ್ಜುಗಳಲ್ಲಿ ಮುಖ್ಯವಾದದ್ದನ್ನು ತೂಗುರಜ್ಜು ಎಂದು ಕರೆಯಬಹುದು. ಕಾಲಿನ ಉದ್ದ ಎಲುಬಿನ ಹಿಂಬದಿಯಲ್ಲಿ ಹುಟ್ಟಿ, ಕೆಳಗಿಳಿದು, ಕವಲೊಡೆದು, ಗಿಣ್ಣಿನ ಹಿಂದಿರುವ ಎರಡು ಪುಟ್ಟ ಎಲುಬುಗಳನ್ನು ಅದು ಹಿಡಿದುಕೊಳ್ಳುತ್ತದೆ. ಗಿಣ್ಣು ನೆಲಕ್ಕೆ ಕುಸಿಯದಂತೆ ತೂಗುಸೇತುವೆಯ ಸರಪಣಿಯಂತೆ ಎತ್ತಿಹಿಡಿಯುವುದೇ ಇದರ ಕೆಲಸ. ಕುದುರೆಯ ಪೂರ್ವಜರಲ್ಲಿ ಇದೊಂದು ಮಾಂಸಖಂಡವಾಗಿತ್ತು. ಇಂದಿಗೂ ಅದರೊಳಗೆ ಅಲ್ಪಸ್ವಲ್ಪ ಮಾಂಸದ ಎಳೆಗಳು ಉಳಿದಿರುವುದುಂಟು. ಕುದುರೆ ನಿಂತಲ್ಲೇ ತೂಕಡಿಸಬಲ್ಲದು ಎಂಬುದು ಎಲ್ಲರಿಗೂ ಗೊತ್ತು. ಮಾಂಸಖಂಡಗಳಿಗೆ ಹೆಚ್ಚು ದಣಿವಿಲ್ಲದೆ ಅದು ಹಾಗೆ ನಿಲ್ಲುವುದಕ್ಕೆ ಈ ರಜ್ಜುಗಳ ಬಿಗಿಯೇ ಕಾರಣ. (ಗಾಢ ನಿದ್ರೆಗೆ ಮಾತ್ರ ಅದೂ ಸ್ವಲ್ಪ ಹೊತ್ತು ಮಲಗಲೇಬೇಕು.)

ತೂಗುರಜ್ಜುವಿನ ಜೊತೆಗಾರನೆಂದರೆ ಕಾಲಿನ ಹಿಂಬದಿಯಲ್ಲಿ ಚರ್ಮಕ್ಕೆ ಹತ್ತಿರವಾಗಿ ಸಾಗುವ ಸ್ನಾಯುರಜ್ಜು. ಅದನ್ನು ಹೊರರಜ್ಜು ಎನ್ನೋಣ. ಇವೆರಡೂ ಓಟದ ಸ್ಪ್ರಿಂಗುಗಳು. ನಾಗಾಲೋಟದಲ್ಲಿ ಒಂದು ಮುಂಗಾಲು ನೆಲಕ್ಕೆ ತಾಗಿದಾಗ ಅದರ ಮೇಲೆ ಬೀಳುವ ಒತ್ತಡ ಇಡೀ ದೇಹದ ತೂಕದ ಎರಡೂವರೆ ಪಟ್ಟಿಗೆ ಸಮೀಪ, ಎಂದರೆ ಒಂದು ಟನ್ನಿಗೂ ಮಿಗಿಲು. ಆ ಕ್ಷಣದಲ್ಲಿ ಗಿಣ್ಣು ಬಗ್ಗಿ ನೆಲವನ್ನು ಮುಟ್ಟುವಷ್ಟು ಕೆಳಗಿಳಿಯುತ್ತದೆ, ರಜ್ಜುಗಳು ಹಿಗ್ಗುತ್ತವೆ, ಮರುಕ್ಷಣ ಕುಗ್ಗಿ ಕಾಲನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಹೊರರಜ್ಜು ತನ್ನ ಉದ್ದದ ನೂರಕ್ಕೆ 16 ಭಾಗದಷ್ಟು ಹಿಗ್ಗುವುದನ್ನು ಅಳೆದು ನೋಡಿದ್ದಾರೆ. ಅದು ಹರಿಯುವ ಮಿತಿಯೂ ಅಲ್ಲಿಂದ ದೂರವಿಲ್ಲ. ಓಡುವ ಕುದುರೆ ಪ್ರತಿ ಹೆಜ್ಜೆಯಲ್ಲಿಯೂ ತನ್ನ ಹಗ್ಗದ ಕೊನೆಯನ್ನು ಮುಟ್ಟಿ ಬರುತ್ತಿರುತ್ತದೆ. ಹಿಗ್ಗಿ ಕುಗ್ಗುವಾಗ ಸ್ವಲ್ಪ ಶಕ್ತಿ ಶಾಖವಾಗಿ ಸೋರುವುದರಿಂದ, ಓಟದ ಕೊನೆಯಲ್ಲಿ ರಜ್ಜುವಿನ ನಡುಭಾಗ 45 ಡಿಗ್ರಿ ಸೆಲ್ಸಿಯಸ್ ತನಕ ಕಾಯುತ್ತದೆಂದು 1994ರಲ್ಲಿ ಇಂಗ್ಲೆಂಡಿನ ವಿಲ್ಸನ್ ಮತ್ತು ಗುಡ್‌ಷಿಪ್ ತೋರಿಸಿಕೊಟ್ಟರು. ಅಂಥ ಕಾವಿನಲ್ಲಿ ದೇಹದ ಬೇರೆ ಎಷ್ಟೋ ಜೀವಕೋಶಗಳು ಉಳಿಯಲಾರವು.

ಇಷ್ಟು ಕಷ್ಟವನ್ನು ಸಹಿಸುವ ಈ ಹಗ್ಗವನ್ನು ಯಾವ ನಾರಿನಿಂದ ಹೊಸೆದಿದೆ? ಅದರ ಹೆಸರು ಕೊಲಾಜೆನ್. ಗ್ರೀಕ್ ಭಾಷೆಯಲ್ಲಿ 'ಕೊಲ್ಲ' ಎಂದರೆ ಅಂಟು. ಚರ್ಮ, ರಜ್ಜು, ಎಲುಬುಗಳನ್ನು ಕುದಿಸಿ ಬಡಗಿಗಳು ಬಳಸುವ ಅಂಟನ್ನು ತೆಗೆಯುತ್ತಿದ್ದುದರಿಂದ ಈ ಹೆಸರು ಬಂತು. ಪ್ರಾಣಿದೇಹದಲ್ಲಿ ಇದಕ್ಕಿಂತ ಹೇರಳವಾದ ಪ್ರೋಟೀನು ಇನ್ನೊಂದಿಲ್ಲ. ಆದರೂ ಅದರ ಅಣುವಿನ ರೂಪವೇನೆಂಬುದು ಬಹುಕಾಲ ಯಾರಿಗೂ ಬಿಡಿಸಲಾಗದ ಒಗಟಾಗಿತ್ತು.

ಒಗಟನ್ನು ಬಿಡಿಸಿದ್ದು ಮದರಾಸಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ ಅವರ ಬಳಿ ಪಳಗಿದ ಜಿ. ಎನ್. ರಾಮಚಂದ್ರನ್ ಅವರು 1952ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದಾಗ ಅವರಿಗಿನ್ನೂ ಮೂವತ್ತರ ಹರೆಯ. ಅಲ್ಲಿಗೆ ಭೇಟಿ ಕೊಟ್ಟಿದ್ದ ವಿಜ್ಞಾನಿ ಜೆ. ಡಿ. ಬರ್ನಾಲ್, ಕೊಲಾಜೆನ್ನಿನ ರಚನೆ ಇನ್ನೂ ತಿಳಿದಿಲ್ಲವೆಂದು ಮಾತಿನ ನಡುವೆ ಹೇಳಿದರಂತೆ. ಕೇಂದ್ರೀಯ ಚರ್ಮ ಸಂಶೋಧನಾಲಯ ನೆರೆಯಲ್ಲೇ ಇತ್ತು. ರಾಮಚಂದ್ರನ್ ಮತ್ತು ಗೋಪೀನಾಥ ಕರ್ತಾ ಅವರು ಕಾಂಗರೂವಿನ ಬಾಲದ ರಜ್ಜುವಿನ ಮೂಲಕ ಕ್ಷಕಿರಣಗಳನ್ನು ಹಾಯಿಸಿ, ಚಿತ್ರಗಳನ್ನು ಪರೀಕ್ಷಿಸಿ, 1954ರಲ್ಲಿ ಅದು ಮೂರೆಳೆಯ ರಚನೆಯೆಂದು ಸಾರಿದರು. ಮರುವರ್ಷ ಅದೇ ರಚನೆಯನ್ನು ತಿದ್ದಿ, ಮೂರು ಎಳೆಗಳೂ ಒಂದನ್ನೊಂದು ಸುತ್ತಿಕೊಂಡಿವೆಯೆಂದು ತೋರಿಸಿದರು. ಹೊರದೇಶಗಳ ವಿಜ್ಞಾನಿಗಳು ಅದರ ವಿವರಗಳ ಬಗ್ಗೆ ವಾದ ಹೂಡಿದ್ದು ನಿಜ. ಆದರೆ ಮೂರೆಳೆಯ ಮೂಲ ಕಲ್ಪನೆ ಉಳಿಯಿತು. ಮುಂದೆ ಅವರು ಬೆಂಗಳೂರಿಗೇ ಹಿಂದಿರುಗಿ, ವಿಜ್ಞಾನ ಮಂದಿರದಲ್ಲಿ ಜೀವಾಣುಗಳ ಭೌತವಿಜ್ಞಾನಕ್ಕೆ ಒಂದು ವಿಭಾಗವನ್ನೇ ಕಟ್ಟಿದರು.

ಹೆಣ್ಣುಮಕ್ಕಳಿಗೆ ಜಡೆ ಹೆಣೆದು ರೂಢಿಯಿದ್ದವರಿಗೆ ಈ ಮೂರೆಳೆಯ ರಚನೆಯನ್ನು ವಿವರಿಸಬೇಕಾಗಿಲ್ಲ. ಆದರೆ ಇದು ಜಡೆಗಿಂತಲೂ ಹಗ್ಗಕ್ಕೆ ಹೆಚ್ಚು ಹತ್ತಿರ. ಒಂದೊಂದು ಎಳೆಯೂ ಎಡಕ್ಕೆ ತಿರುಚಿಕೊಂಡಿರುತ್ತದೆ, ಮೂರೂ ಸೇರಿ ಬಲಕ್ಕೆ ಹೊಸೆದುಕೊಳ್ಳುತ್ತವೆ. ಹಗ್ಗ ಹೊಸೆಯುವವರೂ ಹುರಿ ಬಿಚ್ಚಿಕೊಳ್ಳದಿರಲೆಂದು ಇದನ್ನೇ ಮಾಡುತ್ತಾರೆ. ಅಣುವಿನ ಉದ್ದ ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು, ದಪ್ಪ ಒಂದೂವರೆ ಪಾಲು. ಅದು ಪೆನ್ಸಿಲಿನಷ್ಟು ದಪ್ಪವಾಗಿದ್ದರೆ ಉದ್ದ ಸುಮಾರು ಒಂದೂವರೆ ಮೀಟರು ಇರುತ್ತಿತ್ತು. ಇಂಥ ಅಸಂಖ್ಯಾತ ಅಣುಗಳು ಗೋಡೆಯ ಇಟ್ಟಿಗೆಗಳಂತೆ ಹಿಂದುಮುಂದಾಗಿ ಜೋಡಿಸಿಕೊಂಡು ಸೂಕ್ಷ್ಮತಂತುಗಳಾಗುತ್ತವೆ. ಸೂಕ್ಷ್ಮತಂತುಗಳು ಸೇರಿ ತಂತು, ತಂತುಗಳು ಸೇರಿ ಹುರಿ, ಹುರಿಗಳು ಸೇರಿ ಕಣ್ಣಿಗೆ ಕಾಣುವ ರಜ್ಜು.

ಈ ತಂತುಗಳು ನೇರವಾಗಿ ಬಿಗಿದುಕೊಂಡಿರುವುದಿಲ್ಲ; ವಿಶ್ರಾಂತಿಯಲ್ಲಿದ್ದಾಗ ಸೀರೆಯ ನಿರಿಗೆಯಂತೆ ಅಲೆಯಲೆಯಾಗಿ ಮಡಿಸಿಕೊಂಡಿರುತ್ತವೆ. ನಿರಿಗೆಯಿಲ್ಲದೆ ಸೀರೆ ಉಟ್ಟರೆ ಹೆಜ್ಜೆ ಹಾಕುವುದು ಹೇಗೆ? ರಜ್ಜುವಿನ ಪಾಡೂ ಹಾಗೆಯೇ. ಭಾರ ಬಿದ್ದೊಡನೆ ಮೊದಲು ನಿರಿಗೆ ಬಿಚ್ಚಿಕೊಂಡು ಪೆಟ್ಟನ್ನು ಮೃದುವಾಗಿಸುತ್ತದೆ. ಅದು ಪೂರ್ತಿ ಬಿಚ್ಚಿದ ಮೇಲಷ್ಟೇ ನಾರಿನ ಮೇಲೆ ನಿಜವಾದ ಎಳೆತ ಬೀಳುತ್ತದೆ. ಮುಪ್ಪಿನ ಕಥೆ ಬಹುಮಟ್ಟಿಗೆ ಈ ನಿರಿಗೆಯ ಕಥೆಯೇ.

ಹುಟ್ಟಿದ ಮರಿಯ ರಜ್ಜುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೂಕ್ಷ್ಮತಂತುಗಳು ತೆಳುವಾಗಿ, ಹೆಚ್ಚು ಕಡಿಮೆ ಒಂದೇ ಗಾತ್ರದಲ್ಲಿರುತ್ತವೆ. ಬೆಳೆಯುತ್ತ ಹೋದಂತೆ ಕೆಲವು ದಪ್ಪವಾಗುತ್ತವೆ, ಕೆಲವು ತೆಳುವಾಗಿಯೇ ಉಳಿಯುತ್ತವೆ. ನ್ಯೂಜಿಲೆಂಡಿನ ಪ್ಯಾರಿ, ಕ್ರೇಗ್ ಮತ್ತು ಬಾರ್ನ್ಸ್ ಎಂಬವರು ಕುದುರೆಯ ತೂಗುರಜ್ಜುವನ್ನೂ ಸ್ನಾಯುರಜ್ಜುಗಳನ್ನೂ ಬೇರೆ ಬೇರೆ ವಯಸ್ಸಿನಲ್ಲಿ ಪರೀಕ್ಷಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮೊದಲ ಹೆಜ್ಜೆಗಳಲ್ಲೊಂದು. ದಪ್ಪ ತಂತು ಬಲ ಕೊಡುತ್ತದೆ. ತೆಳು ತಂತುಗಳು ಸಂದುಗಳಲ್ಲಿ ತುಂಬಿಕೊಂಡು ಸುತ್ತಲಿನ ಪದಾರ್ಥವನ್ನು ಬಿಗಿಯಾಗಿ ಹಿಡಿದು ರಜ್ಜು ಜಗ್ಗದಂತೆ ತಡೆಯುತ್ತವೆ ಎಂಬುದು ಪ್ಯಾರಿಯವರ ಸಿದ್ಧಾಂತ. ಇದೇ ಕಾಲದಲ್ಲಿ ಅಣುಗಳ ನಡುವೆ ಅಡ್ಡಕೊಂಡಿಗಳೂ ಬಲಿಯುತ್ತವೆ. ಎಳೆಯ ವಯಸ್ಸಿನ ಕೊಂಡಿ ಎರಡು ಅಣುಗಳನ್ನು ಹಿಡಿದರೆ, ಪಕ್ವವಾದ ಕೊಂಡಿ ಮೂರನ್ನು ಕಟ್ಟಿಹಾಕುತ್ತದೆ. ಸುಮಾರು ಎರಡು ವರ್ಷಕ್ಕೆ ಹೊರರಜ್ಜುವಿನ ಈ ಕಟ್ಟಡ ಮುಗಿಯುತ್ತದೆಂದು ಹೇಳಬಹುದು.

ಮುಗಿಯುತ್ತದೆ ಎಂಬ ಮಾತಿಗೆ ಎಷ್ಟು ತೂಕವಿದೆಯೆಂಬುದು 2010ರಲ್ಲಿ ತಿಳಿಯಿತು. ಜೀವಿಗಳು ಪ್ರೋಟೀನುಗಳನ್ನು ಕಟ್ಟಲು ಬಳಸುವ ಆಸ್ಪಾರ್ಟಿಕ್ ಆಮ್ಲದ ಅಣು ಯಾವಾಗಲೂ 'ಎಡಗೈ'ಯದು. ಕಾಲ ಸರಿದಂತೆ ಅದು ತಾನಾಗಿಯೇ ಒಂದೊಂದಾಗಿ 'ಬಲಗೈ' ರೂಪಕ್ಕೆ ತಿರುಗುತ್ತ ಹೋಗುತ್ತದೆ. ಹಾಗೆ ತಿರುಗಿದವು ಎಷ್ಟೆಂದು ಎಣಿಸಿದರೆ ಆ ಪ್ರೋಟೀನು ಎಷ್ಟು ಹಳೆಯದೆಂದು ಗೊತ್ತಾಗುತ್ತದೆ. ಇಂಗ್ಲೆಂಡಿನ ಥಾರ್ಪ್, ಬರ್ಚ್ ಮತ್ತವರ ಸಂಗಡಿಗರು ಬೇರೆ ಬೇರೆ ವಯಸ್ಸಿನ ಕುದುರೆಗಳ ರಜ್ಜುಗಳಲ್ಲಿ ಈ ಲೆಕ್ಕ ಮಾಡಿದರು. ಕಾಲಿನ ಮುಂಬದಿಯಲ್ಲಿರುವ, ಅಷ್ಟೇನೂ ಭಾರ ಹೊರದ ರಜ್ಜುವಿನಲ್ಲಿ ಅರ್ಧ ಕೊಲಾಜೆನ್ ಬದಲಾಗಲು ಸುಮಾರು 34 ವರ್ಷ ಬೇಕು. ಸದಾ ಜಗ್ಗಾಟಕ್ಕೆ ಸಿಕ್ಕುವ ಹೊರರಜ್ಜುವಿನಲ್ಲಿ? ಸುಮಾರು 198 ವರ್ಷ! ಕುದುರೆ ಬದುಕುವುದೇ ಇಪ್ಪತ್ತೈದು ಮೂವತ್ತು ವರ್ಷ. ಎಂದರೆ, ಮರಿಯಾಗಿದ್ದಾಗ ಹೊಸೆದ ಹಗ್ಗವೇ ಸಾಯುವವರೆಗೆ. ಹೆಚ್ಚು ಸವೆಯುವ ಭಾಗವನ್ನು ದೇಹ ಹೆಚ್ಚು ಬೇಗ ಹೊಸದಾಗಿಸುತ್ತದೆಂದು ಯಾರಾದರೂ ನಂಬಿಯಾರು. ಇಲ್ಲಿ ನಡೆಯುವುದು ಅದಕ್ಕೆ ಪೂರ್ತಿ ವಿರುದ್ಧ. ಕೊಲಾಜೆನ್ ಅಲ್ಲದ ಇತರ ಪ್ರೋಟೀನುಗಳು ಮಾತ್ರ ಅದೇ ರಜ್ಜುವಿನಲ್ಲಿ ಎರಡು ವರ್ಷಗಳ ಲೆಕ್ಕದಲ್ಲಿ ಬದಲಾಗುತ್ತವೆ. ಪ್ರಾಯಶಃ ದುಡಿಯುತ್ತಿರುವ ಹಗ್ಗವನ್ನು ಬಿಚ್ಚಿ ಮತ್ತೆ ಹೊಸೆಯುವುದು ಅಪಾಯಕರ. ಸೇತುವೆಯ ಮೇಲೆ ಬಂಡಿ ಓಡುತ್ತಿರುವಾಗಲೇ ಅದರ ಸರಪಣಿಯನ್ನು ಕಳಚಲಾದೀತೇ?

ಇಷ್ಟು ದೀರ್ಘಕಾಲ ಒಂದೇ ಜಾಗದಲ್ಲಿರುವ ನಾರಿಗೆ ಸಕ್ಕರೆಯ ಕಾಟ ತಪ್ಪಿದ್ದಲ್ಲ. ಹಾಲನ್ನೂ ಸಕ್ಕರೆಯನ್ನೂ ಒಲೆಯ ಮೇಲೆ ಬತ್ತಿಸಿದಾಗ ಧಾರವಾಡದ ಪೇಢೆಗೆ ಬರುವ ಕಂದುಬಣ್ಣ ಪ್ರೋಟೀನಿಗೆ ಸಕ್ಕರೆ ಅಂಟಿಕೊಂಡದ್ದರ ಫಲ. ರಕ್ತದಲ್ಲಿರುವ ಸಕ್ಕರೆಯೂ ಮೈಯ ಬಿಸಿಯಲ್ಲಿ, ಒಲೆಯ ಅವಸರವಿಲ್ಲದೆ, ವರ್ಷಗಟ್ಟಲೆ ಇದನ್ನೇ ಕೊಲಾಜೆನ್ನಿಗೆ ಮಾಡುತ್ತದೆ. ಹೀಗೆ ಹುಟ್ಟಿದ ಕೊಂಡಿಗಳು ದೇಹ ಬೇಕೆಂದು ಹಾಕಿಕೊಂಡವಲ್ಲ; ಎಲ್ಲೆಂದರಲ್ಲಿ ಬಿದ್ದ ಗಂಟುಗಳು. ನಾರು ಗಡುಸಾಗುತ್ತದೆ. ಹಳೆಯ ನಾರನ್ನು ಕರಗಿಸುವ ದ್ರಾವಕಗಳಿಗೂ ಅದು ಬಗ್ಗದಾಗುವುದರಿಂದ ಮೊದಲೇ ನಿಧಾನವಾದ ದುರಸ್ತಿ ಮತ್ತಷ್ಟು ನಿಧಾನವಾಗುತ್ತದೆ.

ಇನ್ನು ನಿರಿಗೆಯ ಮಾತು. ವಯಸ್ಸಾದಂತೆ, ಓಟ ಹೆಚ್ಚಿದಂತೆ ನಿರಿಗೆ ಚಪ್ಪಟೆಯಾಗುತ್ತದೆ. ಎಲ್ಲೆಡೆಯೂ ಒಂದೇ ಸಮನಾಗಿ ಆಗಿದ್ದರೆ ಇಷ್ಟು ಕೆಡುಕಾಗುತ್ತಿರಲಿಲ್ಲವೇನೋ. 1992ರಲ್ಲಿ ವಿಲ್ಮಿಂಕ್, ವಿಲ್ಸನ್ ಮತ್ತು ಗುಡ್‌ಷಿಪ್ ಕಂಡದ್ದೇನೆಂದರೆ, ಎಳೆಯ ಕುದುರೆಯಲ್ಲಿ ನಿರಿಗೆ ಎಲ್ಲೆಡೆ ಸಮವಾಗಿರುತ್ತದೆ. ಹಳೆಯ ಕುದುರೆಯಲ್ಲಿ ರಜ್ಜುವಿನ ಅಂಚಿಗಿಂತ ನಡುಭಾಗದಲ್ಲಿ ಅದು ಹೆಚ್ಚಾಗಿ ಅಳಿಸಿಹೋಗಿರುತ್ತದೆ. ಭಾರ ಬಿದ್ದಾಗ ನಡುವಿನ ನಾರುಗಳು ಮೊದಲು ಬಿಗಿಯುತ್ತವೆ. ಅಂಚಿನವು ಇನ್ನೂ ನಿರಿಗೆ ಬಿಚ್ಚುತ್ತಿರುವಾಗಲೇ ಇಡೀ ಭಾರ ಅವುಗಳ ಪಾಲಿಗೆ ಬರುತ್ತದೆ. ಹತ್ತು ಜನ ಹಿಡಿದ ತೇರಿನ ಮಿಣಿಯನ್ನು ನಾಲ್ವರೇ ಎಳೆದಂತೆ. ಜೂಜಿನ ಕುದುರೆಗಳ ಹೊರರಜ್ಜು ಹೆಚ್ಚಾಗಿ ನಡುವಿನಲ್ಲೇ ಹರಿಯುವುದು, ಹೊರಗಿನಿಂದ ನೋಡಿದರೆ ಇಡೀ ರಜ್ಜು ಸರಿಯಾಗಿಯೇ ಕಾಣುವುದು ಏಕೆಂಬ ವೈದ್ಯರ ಹಳೆಯ ಪ್ರಶ್ನೆಗೆ ಇದರಿಂದ ಅರ್ಥ ದೊರೆಯಿತು. ಓಟದ ಬಿಸಿ ಸೇರಿಕೊಳ್ಳುವುದೂ ಆ ನಡುಭಾಗದಲ್ಲೇ ಎಂಬುದನ್ನು ವಾಚಕರು ಮರೆತಿರಲಾರರು.

2013ರ ಸುಮಾರಿಗೆ ಥಾರ್ಪ್ ಮತ್ತವರ ಸಂಗಡಿಗರು ಮತ್ತೆರಡು ಸಂಗತಿಗಳನ್ನು ಹೊರಗೆಡಹಿದರು. ಹೊರರಜ್ಜುವಿನ ಹುರಿಗಳು ಸುರುಳಿ ಸುತ್ತಿದ ಸ್ಪ್ರಿಂಗಿನಂತೆ ವರ್ತಿಸುತ್ತವೆ. ಮುಪ್ಪಿನಲ್ಲಿ ಆ ಸುರುಳಿ ತನ್ನ ಚೈತನ್ಯವನ್ನು ಕಳೆದುಕೊಂಡು, ಎಳೆದರೆ ಮೊದಲಿನಂತೆ ಹಿಂದಕ್ಕೆ ಬರುವುದಿಲ್ಲ. ಅಲ್ಲದೆ, ಎಳೆಯದರಲ್ಲಿ ಒಂದು ಹುರಿ ಇನ್ನೊಂದರ ಮಗ್ಗುಲಲ್ಲಿ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಹಳೆಯದರಲ್ಲಿ ನಡುವಿನ ಪದರ ಗಟ್ಟಿಯಾಗಿ ಆ ಜಾರುವಿಕೆ ಕುಂಠಿತವಾಗುತ್ತದೆ. ಇಲ್ಲಿ ಒಂದು ತಪ್ಪು ತಿಳುವಳಿಕೆಗೆ ಆಸ್ಪದವಿರಬಾರದು. ಮುದಿ ಕುದುರೆಯ ಹಗ್ಗ ಒಂದೇ ಎಳೆತಕ್ಕೆ ಪಟ್ಟನೆ ಹರಿಯುವಷ್ಟು ಬಡವಾಗಿರುವುದಿಲ್ಲ. ಅದು ಸೋಲುವುದು ಮತ್ತೆ ಮತ್ತೆ ಎಳೆದಾಗ. ನೂರು ಹೆಜ್ಜೆ ತಾಳಿದ್ದು ಸಾವಿರ ಹೆಜ್ಜೆ ತಾಳದು.

ತೂಗುರಜ್ಜುವಿಗೆ ತನ್ನದೇ ಆದ ಇನ್ನೊಂದು ಸಂಕಟವೂ ಉಂಟು. ಕೆಲವು ಕುದುರೆಗಳಲ್ಲಿ, ಅದರಲ್ಲೂ ಪೆರು ದೇಶದ ಪಾಸೋ ತಳಿಯಲ್ಲಿ, ಯಾವ ಏಟೂ ಬೀಳದೆ ಅದು ನಿಧಾನವಾಗಿ ಕ್ಷೀಣಿಸುತ್ತದೆ. ಗಿಣ್ಣು ದಿನದಿನಕ್ಕೂ ಕೆಳಗಿಳಿದು, ಕೊನೆಗೆ ನೆಲಕ್ಕೆ ತಾಗುವಂತಾಗುತ್ತದೆ. ಇದು ಮುಪ್ಪಲ್ಲ, ಬೇರೆಯೇ ಒಂದು ರೋಗ; ಇದನ್ನು ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ.

ಹರಿದ ರಜ್ಜು ಕೂಡುತ್ತದೆಯೇ? ಕೂಡುತ್ತದೆ, ಆದರೆ ಹೊಲಿಗೆ ಹಾಕಿದ ಬಟ್ಟೆಯಂತೆ. ಗಾಯದ ಜಾಗದಲ್ಲಿ ಮೊದಲು ಬರುವುದು ಬೇರೊಂದು ಜಾತಿಯ ತೆಳು ಕೊಲಾಜೆನ್. ನಾರುಗಳು ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ತಿಂಗಳುಗಟ್ಟಲೆ ವಿಶ್ರಾಂತಿ, ಬಳಿಕ ದಿನಕ್ಕಿಷ್ಟೆಂದು ಲೆಕ್ಕಹಾಕಿದ ನಡಿಗೆ, ಇಷ್ಟೆಲ್ಲ ಆದರೂ ಮೊದಲಿನ ಪುಟಿತ ಬರುವುದಿಲ್ಲ. ಅನೇಕ ಕುದುರೆಗಳು ಓಟಕ್ಕೆ ಮರಳಿ ಮತ್ತೆ ಕುಂಟುತ್ತವೆ. ಹಿಂದಿನ ಕಾಲದಲ್ಲಿ ಇದಕ್ಕೆ ಕಾದ ಕಬ್ಬಿಣದಿಂದ ಕಾಲಿಗೆ ಬರೆ ಎಳೆಯುತ್ತಿದ್ದರು. ನಮ್ಮಲ್ಲಿಯಂತೆ ಯೂರೋಪಿನಲ್ಲಿಯೂ ಶತಮಾನಗಳ ಕಾಲ ಇದು ನಡೆಯಿತು. ಬ್ರಿಸ್ಟಲಿನ ವಿಜ್ಞಾನಿಗಳು ಈ ಚಿಕಿತ್ಸೆಯನ್ನು ಕ್ರಮವಾಗಿ ಪರೀಕ್ಷಿಸಿ, ಅದರಿಂದ ರಜ್ಜುವಿಗೆ ಏನೂ ಪ್ರಯೋಜನವಿಲ್ಲವೆಂದು 1983ರಲ್ಲಿ ವರದಿ ಮಾಡಿದರು. ಬರೆ ಹಾಕಿದ ಕುದುರೆ ತಿಂಗಳುಗಟ್ಟಲೆ ನಿಲ್ಲಬೇಕಾಗುತ್ತಿತ್ತು; ಗುಣವಾಗಿದ್ದು ಆ ವಿಶ್ರಾಂತಿಯಿಂದ, ಕೀರ್ತಿ ಬಂದದ್ದು ಕಬ್ಬಿಣಕ್ಕೆ. ಮೂಕ ಪ್ರಾಣಿ ತಾನೆ, ಯಾರನ್ನು ಕೇಳೀತು? 2003ರಿಂದೀಚೆಗೆ ಕುದುರೆಯ ಎಲುಬಿನ ಮಜ್ಜೆಯಿಂದಲೇ ಮೂಲಕೋಶಗಳನ್ನು ತೆಗೆದು, ಬೆಳೆಸಿ, ಗಾಯದ ಜಾಗಕ್ಕೆ ಚುಚ್ಚುವ ಕ್ರಮ ಲಂಡನ್ನಿನಿಂದ ಹೊರಟು ಪ್ರಚಾರಕ್ಕೆ ಬಂದಿದೆ.

ಒಮ್ಮೆ ಮಾತ್ರ ಹೊಸೆಯುವ ಹಗ್ಗವಾದರೆ, ಹೊಸೆಯುವ ಕಾಲದಲ್ಲಿ ಕೊಡುವ ಆರೈಕೆಯೇ ಮುಖ್ಯವೆಂದಾಯಿತು. ನೆದರ್ಲೆಂಡ್ಸಿನ ಉಟ್ರೆಕ್ಟಿನಲ್ಲಿ ಮರಿಗಳನ್ನು ಮೂರು ಗುಂಪು ಮಾಡಿ, ಕೆಲವನ್ನು ಲಾಯದಲ್ಲೇ ಕಟ್ಟಿ, ಕೆಲವನ್ನು ಲಾಯದಲ್ಲಿಟ್ಟು ದಿನವೂ ಸ್ವಲ್ಪ ಹೊತ್ತು ಓಡಿಸಿ, ಉಳಿದವನ್ನು ತಾಯಿಯೊಡನೆ ಹುಲ್ಲುಗಾವಲಿಗೆ ಬಿಟ್ಟು ನೋಡಿದರು. ಐದು ತಿಂಗಳ ಹೊತ್ತಿಗೆ ಗಾವಲಿನಲ್ಲಿ ಮನಬಂದಂತೆ ಕುಣಿದಾಡಿದ ಮರಿಗಳ ಹೊರರಜ್ಜು ಉಳಿದವುಗಳಿಗಿಂತ ಚೆನ್ನಾಗಿ ಬೆಳೆದಿತ್ತು. ಎರಡು ವರ್ಷದ ಕುದುರೆಯನ್ನು ಜೂಜಿಗೆ ಇಳಿಸುವುದು ಕ್ರೌರ್ಯವೆಂದು ವಾದಿಸುವವರು ಇದ್ದಾರೆ. ಅವರ ಕನಿಕರವನ್ನು ಅಲ್ಲಗಳೆಯಲಾಗದು. ಆದರೆ ನ್ಯೂಜಿಲೆಂಡಿನ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡನೆಯ ವರ್ಷವೇ ತರಬೇತಿಗೆ ಬಂದ ಕುದುರೆಗಳು ತಡವಾಗಿ ಬಂದವುಗಳಿಗಿಂತ ಹೆಚ್ಚು ಕಾಲ ಓಡಿದ್ದವು. ಗಟ್ಟಿಮುಟ್ಟಾದವನ್ನೇ ಬೇಗ ಇಳಿಸುತ್ತಾರೆಂಬುದೂ ಅದಕ್ಕೆ ಒಂದು ಕಾರಣವಿರಬಹುದು. ಆದ್ದರಿಂದ ಈ ವ್ಯಾಜ್ಯ ಇಷ್ಟಕ್ಕೇ ತೀರದು.

ಕುದುರೆಯ ಗೊಡವೆ ನಮಗೇಕೆ ಎನ್ನುವವರಿಗೆ ಇನ್ನೊಂದು ಸಮಾಚಾರವಿದೆ. 1955ರಿಂದ 1963ರವರೆಗೆ ಬಯಲಿನಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಒಂದು ಬಗೆಯ ವಿಕಿರಣಶೀಲ ಇಂಗಾಲ ಹೆಚ್ಚಿ, ಅನಂತರ ವರ್ಷವರ್ಷಕ್ಕೂ ಕಡಿಮೆಯಾಗುತ್ತ ಬಂತು. ಊಟದ ಮೂಲಕ ಅದು ಎಲ್ಲರ ಮೈಯನ್ನೂ ಹೊಕ್ಕಿತು. ಡೆನ್ಮಾರ್ಕಿನ ವಿಜ್ಞಾನಿಗಳು ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿನಲ್ಲಿ ಈ ಇಂಗಾಲವನ್ನು ಅಳೆದು, ಅದರ ತಿರುಳು ಮನುಷ್ಯನಿಗೆ ಸುಮಾರು 17 ವರ್ಷವಾಗುವ ಹೊತ್ತಿಗೆ ತಯಾರಾದದ್ದು, ಅಲ್ಲಿಂದ ಮುಂದೆ ಬಹುಮಟ್ಟಿಗೆ ಬದಲಾಗಿಲ್ಲ ಎಂದು 2013ರಲ್ಲಿ ತಿಳಿಸಿದರು. ಐವತ್ತರ ಗೃಹಸ್ಥರು ಭಾನುವಾರ ಮಕ್ಕಳೊಡನೆ ಷಟಲ್ ಆಡಲು ಇಳಿದು, ಹಿಂದಿನಿಂದ ಯಾರೋ ಒದ್ದಂತಾಯಿತೆಂದು ತಿರುಗಿ ನೋಡಿ, ಯಾರೂ ಇಲ್ಲದ್ದನ್ನು ಕಂಡು, ಅಲ್ಲಿಯೇ ಕುಸಿದು ಕುಳಿತುಕೊಳ್ಳುವುದುಂಟು. ಆಗ ಹರಿದದ್ದು ಅವರು ಹೈಸ್ಕೂಲಿನಲ್ಲಿದ್ದಾಗ ಹೊಸೆದ ಹಗ್ಗ.